ದೋಣಿಗೆ ಎಂಥ ತಳ ಇರಬೇಕು

"ಗೊತ್ತಿಲ್ಲ" ಎಂಬ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ. ಎಲ್ಲವೂ ಗೊತ್ತಿದೆ ಎಂದಲ್ಲ, ಆ ಮಾತು ರೂಢಿಯಾಗಿಲ್ಲ, ಅಷ್ಟೆ. ಶಹಾಪುರದ ನನ್ನ ವೆಲ್ಡಿಂಗ್ ಅಂಗಡಿಯ ಮುಂದೆ ಯಾರಾದರೂ ಗಾಡಿ ನಿಲ್ಲಿಸಿ ದಾರಿ ಕೇಳಿದರೆ, ನಾನು ಕೈಯಲ್ಲಿದ್ದ ರಾಡು ಕೆಳಗಿಟ್ಟು, ಕಪ್ಪು ಕನ್ನಡಕ ಹಣೆಗೇರಿಸಿ, ಒಂದಲ್ಲ ಎರಡು ದಾರಿ ಹೇಳುತ್ತೇನೆ. ಊರಿನ ಹೆಸರು ಕೇಳಿರದಿದ್ದರೂ ಹೇಳುತ್ತೇನೆ. ಒಮ್ಮೆ ಒಬ್ಬಾತ ಎರಡು ತಾಸಿನ ಮೇಲೆ ತಿರುಗಿ ಬಂದು ಮತ್ತೆ ನನ್ನೆದುರಿಗೇ ನಿಂತ. ಸಿಟ್ಟಾಗಿದ್ದನೆಂದು ಕಾಣುತ್ತದೆ. ನಾನು ಶಾಂತವಾಗಿ, "ಅದಕ್ಕs ಎರಡು ದಾರಿ ಹೇಳಿದ್ದೆ" ಎಂದು ಎರಡನೆಯದನ್ನು ತೋರಿಸಿ ಕಳಿಸಿದೆ.

ಇದಕ್ಕೆ ನನ್ನ ದುಡಿಮೆಯೂ ಸ್ವಲ್ಪ ಕಾರಣ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಕಬ್ಬಿಣ ಹಿಡಿದವನು ನಾನು. ಈ ಭಾಗದಲ್ಲಿ ಓಡಾಡುವ ಟ್ರ್ಯಾಕ್ಟರಿನ ಟ್ರಾಲಿಗಳನ್ನು ಎಣಿಸಿದರೆ ಹತ್ತರಲ್ಲಿ ಎರಡಾದರೂ ನನ್ನ ಕೈಯವು. (ನಾನೇ ಎಣಿಸಿದ್ದು, ಆದ್ದರಿಂದ ನಂಬಬಹುದು.) ಅಂಗಡಿಯ ಎದುರಿಗೆ ದೂರದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟವಿದೆ. ಬಂದವರೆಲ್ಲ ಕಾರಿನಿಂದಿಳಿದು ಮಲಗಿದವನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಬೆಳಿಗ್ಗೆ ಆರರಿಂದ ನಿಂತು ದುಡಿಯುತ್ತಿರುವವನ ಫೋಟೋ ಯಾರೂ ತೆಗೆದಿಲ್ಲ. ಬೇಜಾರೇನಿಲ್ಲ, ಹೇಳಿದೆ ಅಷ್ಟೆ.

ಇಂಥವನ ಅಂಗಡಿಗೆ ಕಳೆದ ವರ್ಷ ಮೈಬೂಬ ಬಂದು, "ಶರಣಣ್ಣ, ಎಂಜಿನ್ ಹಚ್ಚಿ ಜೋರು ಓಡೋ ದೋಣಿ ತಗೊಬೇಕಂತ ಮಾಡೀನಿ. ತಳ ಎಂಥಾದ್ದಿರಬೇಕು ನೀನs ಹೇಳು" ಎಂದ.

ಮೈಬೂಬ ನನ್ನ ಜೊತೆಗೆ ಸುರಪುರದಲ್ಲಿ ಓದಿದವನು, ಅಂದರೆ ನನ್ನ ಜೊತೆಗೆ ಶಾಲೆ ಬಿಟ್ಟವನು. ನಾನು ಕಬ್ಬಿಣಕ್ಕೆ ಹೋದೆ, ಅವನು ನೀರಿಗೆ ಹೋದ. ನಾರಾಯಣಪುರದ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ. ಅವನ ಕಷ್ಟ ಒಂದೇ: ಬಲೆ ಹಾಕುವುದು ಹಿನ್ನೀರಿನ ಆಚೆ ದಂಡೆಗೆ, ಐಸಿನ ಗಾಡಿ ಬರುವುದು ಈಚೆ ದಂಡೆಗೆ. ಗಾಡಿ ಏಳು ಗಂಟೆಗೆ ಬಂದು ಏಳೂವರೆಗೆ ಹೊರಟುಬಿಡುತ್ತದೆ. ಮೈಬೂಬ ಕತ್ತಲಿದ್ದಾಗಲೇ ಬಲೆ ಎತ್ತಿ, ಹುಟ್ಟು ಹಾಕಿ ಹಾಕಿ, ಭುಜ ಬಿದ್ದುಹೋಗುವ ಹೊತ್ತಿಗೆ ಈಚೆ ಬಂದರೆ ಗಾಡಿಯ ಹಿಂದಿನ ಧೂಳು ಮಾತ್ರ ಸಿಗುತ್ತಿತ್ತು. ಆಮೇಲೆ ಆ ಮೀನನ್ನು ಬಿಸಿಲಲ್ಲಿ ಸುರಪುರದ ಬಜಾರಿಗೆ ಹೊರಬೇಕು. ಅಲ್ಲಿ ಗಿರಾಕಿಗಳು ಮೀನಿನ ಕಣ್ಣು ನೋಡುತ್ತಾರೆ, ಆಮೇಲೆ ಮೈಬೂಬನ ಕಣ್ಣು ನೋಡುತ್ತಾರೆ, ಎರಡೂ ಬಾಡಿರುತ್ತವೆ. ಬಹಳ ವರ್ಷ ಹೀಗೆ ಸಾಗಿತ್ತು. ಈಗ ಅವನ ಮಗಳು ಮತ್ತು ಅಳಿಯನೂ ಅದೇ ಬಲೆಗೆ ಕೈಹಾಕಿದ್ದರು. ಒಂದು ಒಳ್ಳೆಯ ದೋಣಿ ಬಂದರೆ ಮನೆ ನಿಲ್ಲುತ್ತದೆ, ಕೆಟ್ಟ ದೋಣಿ ಬಂದರೆ ಎರಡನೆಯದು ತರುವ ಶಕ್ತಿ ಇಲ್ಲ. ಇಷ್ಟು ದೊಡ್ಡ ಮಾತನ್ನು ಅವನು ನನ್ನ ಮುಂದೆ ಚಹಾ ಕುಡಿಯುತ್ತ ಸಹಜವಾಗಿ ಇಟ್ಟ.

ನಾನು ಜನ್ಮದಲ್ಲಿ ದೋಣಿಯ ತಳ ನೋಡಿದವನಲ್ಲ. ದೋಣಿ ನೀರಲ್ಲಿರುವಾಗ ತಳ ಕಾಣುವುದಿಲ್ಲ, ದಂಡೆಯಲ್ಲಿರುವಾಗ ಅದರ ಮೇಲೆಯೇ ಕೂತಿರುತ್ತದೆ. ಆದರೂ ನಾನು, "ತಳ ಅಂದ್ರ ಅದೊಂದು ದೊಡ್ಡ ಶಾಸ್ತ್ರ ಮೈಬೂಬ" ಎಂದೆ. ಹೀಗೆ ಶುರುವಾಯಿತು.

ಹೈದರಾಬಾದಿನ ಒಬ್ಬ ದೋಣಿ ಮಾರುವವನು ಮೈಬೂಬನ ಫೋನಿಗೆ ಮೂರು ಫೋಟೋ ಕಳಿಸಿದ್ದ. ಮೂರೂ ಓಟದ ದೋಣಿಗಳೇ, ಮೂರಕ್ಕೂ ಹಿಂದೆ ಎಂಜಿನ್ನು ತೂಗುಹಾಕುತ್ತಾರೆ, ಮೇಲೆ ಮೂರಕ್ಕೂ ಮಿಂಚುವ ಬಣ್ಣ. ವ್ಯತ್ಯಾಸವೆಲ್ಲ ಕೆಳಗೆ. ಒಂದರ ತಳ ಹಿಟ್ಟು ನಾದುವ ಪರಾತದ ಹಾಗೆ ಚಪ್ಪಟೆ. ಇನ್ನೊಂದರ ತಳ ಅಂಗೈ ಎರಡೂ ಕೂಡಿಸಿ ನೀರು ಹಿಡಿದ ಹಾಗೆ ಚೂಪು. ಮೂರನೆಯದಕ್ಕೆ ತಳವೇ ಎರಡು. ಜೋಡೆತ್ತಿನ ಹಾಗೆ ಅಕ್ಕಪಕ್ಕ ನಿಂತು ನಡುವೆ ಗಾಳಿ ಆಡಲು ಜಾಗ ಬಿಟ್ಟಿದ್ದವು. ನಾನು ಫೋನನ್ನು ತಿರುವಿ ತಿರುವಿ ನೋಡಿದೆ. ಫೋನಿನ ತಳ ಚಪ್ಪಟೆಯಾಗಿತ್ತು.

ಅಂದಿನಿಂದ ನನಗೆ ಎಲ್ಲದರ ತಳವೂ ಕಾಣತೊಡಗಿತು. ಜಗತ್ತು ಮೇಲಿನಿಂದ ನೋಡುವುದಕ್ಕೆ ಒಂದು ಥರ, ಕೆಳಗಿನಿಂದ ಇನ್ನೊಂದು ಥರ. ತವಾ ಚಪ್ಪಟೆ ಇರುವುದಕ್ಕೆ ರೊಟ್ಟಿ ಆಗುತ್ತದೆ, ಕಡಾಯಿ ತಗ್ಗಾಗಿರುವುದಕ್ಕೆ ಭಜಿ ಆಗುತ್ತದೆ. ಕೊಡದ ಬುಡ ಗುಂಡಗಿರುವುದರಿಂದ ತಲೆಯ ಮೇಲೆ ಸಿಂಬಿ ಬೇಕು. ನನ್ನ ಹೆಂಡತಿ ಮಹಾದೇವಿ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಮೊದಲು ಬೋರಲು ಹಾಕಿ ಬುಡಕ್ಕೆ ಬೆರಳಿನ ಗೆಣ್ಣಿನಿಂದ ಬಾರಿಸುತ್ತಾಳೆ, ಆಮೇಲೆ ಕುಂಬಾರನ ಮುಖ ನೋಡುತ್ತಾಳೆ. ಮದುವೆ ಮಾಡುವಾಗ ಮಾತ್ರ ನಾವು ಮುಖ ನೋಡಿ ಮುಗಿಸುತ್ತೇವೆ. ಇದನ್ನು ಮಹಾದೇವಿಗೆ ಹೇಳಿದೆ. ನನ್ನನ್ನು ಯಾರೂ ಬೋರಲು ಹಾಕಿ ಬಾರಿಸಿ ನೋಡದೆ ಒಪ್ಪಿಬಿಟ್ಟದ್ದು ತನ್ನ ಮನೆಯವರ ತಪ್ಪೆಂದು ಆಕೆ ಉತ್ತರ ಕೊಟ್ಟಳು.

ದೋಣಿ ಮಾರುವವನಿಗೆ ಫೋನು ಮಾಡಿದೆ. ಅವನು ಮತ್ತು ಮೈಬೂಬ ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದರು, ನಾನು ನಡುನಡುವೆ "ಹಾಂ, ಅದs" ಎನ್ನುತ್ತಿದ್ದೆ. ತಿಳಿದದ್ದಿಷ್ಟು: ಓಟದ ದೋಣಿ ನೀರಿನೊಳಗೆ ಓಡುವುದಿಲ್ಲ, ನೀರಿನ ಮೇಲೆ ಏರಿ ಓಡುತ್ತದೆ. ಕೆರೆಗೆ ಚಪ್ಪಟೆ ಕಲ್ಲು ಬೀಸಿದರೆ ಹೇಗೆ ಜಿಗಿಜಿಗಿದು ಹೋಗುತ್ತದೋ ಹಾಗೆ. ಚಪ್ಪಟೆ ತಳ ಬೇಗ ಮೇಲೇರುತ್ತದೆ, ಆದರೆ ಅಲೆ ಬಂದರೆ ಕೂತವರ ಸೊಂಟ ಮುರಿಯುತ್ತದೆ. ಚೂಪು ತಳ ಅಲೆಯನ್ನು ಸೀಳಿಕೊಂಡು ಮೆತ್ತಗೆ ಹೋಗುತ್ತದೆ, ಆದರೆ ಮೇಲೇರಲು ಎಂಜಿನ್ನು ಬಹಳ ತಿಣುಕಬೇಕು, ನಿಂತಾಗ ಅತ್ತಿತ್ತ ಓಲಾಡುತ್ತದೆ. ಜೋಡಿ ತಳ ನಡುವಿನ ಗಾಳಿಯ ಮೇಲೆ ತೇಲಿ ಹಾರುತ್ತದೆ, ಆದರೆ ಹೆಚ್ಚು ಭಾರ ಹಾಕಿದರೆ ಮುನಿಯುತ್ತದೆ.

ಯಾವುದು ಒಳ್ಳೆಯದು ಎಂದರೆ ಅವನು, "ಮೂರೂ ಒಳ್ಳೆಯವೇ" ಎಂದ. ಮಾರುವವನ ಈ ಮಾತು ಹೊಸದಲ್ಲ. ನಾನೂ ಟ್ರಾಲಿ ಮಾರುವಾಗ ಹೀಗೇ ಹೇಳುತ್ತೇನೆ.

ನನಗೆ ಸ್ವಾಭಿಮಾನ ಕೆರಳಿತು. ಎಣ್ಣೆಯ ಹಳೇ ಡಬ್ಬಿಗಳನ್ನು ಕತ್ತರಿಸಿ, ತಗಡು ಬಡಿದು, ಮೊಳಕ್ಕಿಂತ ಸ್ವಲ್ಪ ಉದ್ದದ ಮೂರು ದೋಣಿ ಮಾಡಿದೆ. ಮೂರು ದಿನ ಹಿಡಿಯಿತು. ಗೇಟು ಮಾಡಿಸಲು ಬಂದವರು ಕಾದು ಕೂತು, ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ "ನೀರಿನ ಕೆಲಸ" ಎಂದೆ. ಕೆಲವರು ನೀರು ತುಂಬುವ ಟಾಕಿ ಎಂದುಕೊಂಡರು. ಒಬ್ಬಾತ ಕೋಳಿಗೆ ನೀರಿಡಲು ತನಗೂ ಎರಡು ಬೇಕೆಂದ.

ಪರೀಕ್ಷೆಗೆ ಕಾಲುವೆಗೆ ಹೋದೆವು. ನಮ್ಮ ಕಡೆ ನೀರು ಎಂದರೆ ಕಾಲುವೆಯೇ. ಡ್ಯಾಮಿನಿಂದ ಬಿಟ್ಟ ನೀರು ಹೊಲಹೊಲಕ್ಕೆ ಓಡುವುದನ್ನು ನೋಡಿ ಬೆಳೆದವರಿಗೆ ಓಟದ ಪರೀಕ್ಷೆಗೆ ಇನ್ನೆಲ್ಲಿಗೆ ಹೋಗಬೇಕೆಂದು ಹೊಳೆಯುತ್ತದೆ? ನೀರು ತುಂಬಿ ಹರಿಯುತ್ತಿತ್ತು. ಮೂರೂ ದೋಣಿಗಳನ್ನು ಒಟ್ಟಿಗೆ ಬಿಟ್ಟು ಮೋಟಾರ್ ಸೈಕಲ್ ಮೇಲೆ ದಂಡೆಗುಂಟ ಹಿಂಬಾಲಿಸಿದೆವು. ಮೈಬೂಬ ಹಿಂದೆ ಕೂತು ಕೂಗಿ ವರದಿ ಕೊಡುತ್ತಿದ್ದ. ಚೂಪಿನದು ಒಂದು ಗೇಣು ಮುಂದೆ, ಅಲ್ಲ, ಜೋಡಿಯದು, ಅಲ್ಲ, ಚಪ್ಪಟೆಯದು. ಎರಡು ಮೈಲು ಹೋದರೂ ಮೂರೂ ಒಂದೇ ಸಮ. ಇನ್ನೊಮ್ಮೆ ಬಿಟ್ಟೆವು. ಮತ್ತೂ ಅಷ್ಟೆ. ಮೂರನೆಯ ಸಲ ಜೋಡಿ ತಳದ್ದು ಒಬ್ಬರ ಹೊಲದ ತೂಬಿನಲ್ಲಿ ಸಿಕ್ಕಿ ನೀರು ಕಟ್ಟಿಹೋಯಿತು. ಹೊಲದ ಗೌಡ್ರು ಬಂದು ಬಗ್ಗಿ ಎತ್ತಿ ನೋಡಿದರು. ತಮ್ಮ ಪಾಳಿಯ ನೀರನ್ನು ತಡೆಯಲು ಯಾರೋ ಯಂತ್ರ ಮಾಡಿ ಬಿಟ್ಟಿದ್ದಾರೆಂದು ಅವರಿಗೆ ಅನುಮಾನ. ಬಿಡಿಸಿ ಹೇಳಲು ಒಂದು ತಾಸು ಹಿಡಿಯಿತು. ಹೊರಡುವಾಗ ಅವರೂ ಚೂಪು ತಳವೇ ಒಳ್ಳೆಯದೆಂದು ಅಭಿಪ್ರಾಯ ಕೊಟ್ಟರು.

ಸಂಜೆ ಮನೆಗೆ ಬಂದು ಊಟಕ್ಕೆ ಕೂತು, ಇಷ್ಟು ವರ್ಷ ಯಾರಿಗೂ ತಿಳಿಯದ ಸತ್ಯವೊಂದು ನನಗೆ ಸಿಕ್ಕಿದೆ, ತಳ ಹೇಗಿದ್ದರೂ ದೋಣಿಯ ಓಟ ಒಂದೇ, ಹೈದರಾಬಾದಿನವರು ಸುಮ್ಮನೆ ಮೂರು ಥರ ಮಾಡಿ ಮೋಸ ಮಾಡುತ್ತಾರೆ ಎಂದು ಹೇಳಿದೆ. ಮೈಬೂಬ ಗಂಭೀರವಾಗಿ ತಲೆಯಾಡಿಸಿದ. ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ನಾ ಒಂದು ಕೇಳ್ತೀನಿ. ಕಾಲುವಿಗೆ ಮೂರು ತೆಂಗಿನ ಚಿಪ್ಪ ಬಿಟ್ರ ಅವು ಹೆಂಗ ಹೋಗ್ತಿದ್ವು?"

"ಅವೂ ಕೂಡೇ ಹೋಗ್ತಿದ್ವು" ಎಂದ ಮೈಬೂಬ.

"ಮತ್ತ ಓಡಾಕತ್ತಿದ್ದು ದೋಣಿ ಅಲ್ಲ, ನೀರು. ನೀವಿಬ್ರೂ ಇವತ್ತು ದಿನಾ ಪೂರ್ತಿ ನೀರಿನ ಓಟ ನೋಡಿ ಬಂದೀರಿ."

ನಾನು, ಅದು ಮೊದಲ ಹಂತ, ಹಾಗೆ ಮಾಡಿಯೇ ಮುಂದಿನದಕ್ಕೆ ಹೋಗಬೇಕು ಎಂದೆ. ಮೈಬೂಬ ಒಪ್ಪಿದ. ಅವನು ಯಾವಾಗಲೂ ನನ್ನ ಮಾತು ಒಪ್ಪುತ್ತಾನೆ. ಅದೇ ನನಗೆ ಆ ರಾತ್ರಿಯಿಂದ ಭಾರವಾಗತೊಡಗಿದ್ದು. ಟ್ರಾಲಿಯಲ್ಲಿ ತಪ್ಪಾದರೆ ಮತ್ತೆ ಬೆಸುಗೆ ಹಾಕಬಹುದು. ಈ ಮನುಷ್ಯ ನನ್ನ ಮಾತಿನ ಮೇಲೆ ಮಗಳನ್ನೂ ಅಳಿಯನನ್ನೂ ಕೂರಿಸಿ ಆ ಹಿನ್ನೀರಿಗೆ ಇಳಿಯುವವನಿದ್ದ.

ಎರಡನೆಯ ಹಂತವನ್ನು ನಾನು ನಿಜಕ್ಕೂ ಚೆನ್ನಾಗಿ ಮಾಡಿದೆ, ಇಲ್ಲಿ ಸಂಕೋಚ ಬೇಡ. ಕಾಲುವೆಯ ನೀರು ಬಂದ್ ಆಗುವ ವಾರ ಕಾದೆವು. ಆಗ ತಗ್ಗಿನಲ್ಲಿ ಮೊಣಕಾಲುದ್ದ ನೀರು ಅಲುಗದೆ ನಿಂತಿರುತ್ತದೆ. ಮೈಬೂಬನ ಹತ್ತಿರ ಮೀನು ತೂಗುವ ಕೊಕ್ಕೆಯ ಕಾಂಟಾ ಇತ್ತು, ಎಳೆದರೆ ಮುಳ್ಳು ಇಳಿಯುವಂಥದ್ದು. ಅದನ್ನು ಬಿದಿರಿನ ಗಳಕ್ಕೆ ಕಟ್ಟಿ, ಕೊಕ್ಕೆಗೆ ದಾರ ಕಟ್ಟಿ, ದಾರಕ್ಕೆ ದೋಣಿ ಕಟ್ಟಿದೆವು. ನಾನು ಮೋಟಾರ್ ಸೈಕಲ್ ಒಂದೇ ವೇಗದಲ್ಲಿ ದಂಡೆಯ ಮೇಲೆ ಓಡಿಸುವುದು, ಮೈಬೂಬ ಹಿಂದೆ ಕೂತು ಗಳ ಹಿಡಿದು ಮುಳ್ಳು ಓದುವುದು. ಮುಳ್ಳು ಬಹಳ ಇಳಿದರೆ ಆ ತಳ ನೀರಿಗೆ ಭಾರ, ಸ್ವಲ್ಪ ಇಳಿದರೆ ಹಗುರ. ಮೀನಿನ ಬದಲು ಒಳಗೆ ಬೆಣಚುಕಲ್ಲು ಹಾಕಿದೆವು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಗಾಡಿಯ ಮೇಲೆ ಓಡಾಡಿ ಗಾಳ ಹಾಕುವವರನ್ನು ಅವರು ಮೊದಲು ಕಂಡಿರಲಿಲ್ಲ.

ಚಪ್ಪಟೆಯದು ಬೇಗ ಮೇಲೆದ್ದು ಮುಳ್ಳು ಹಗುರಾಯಿತು. ಆದರೆ ಮೈಬೂಬ ನೀರಿಗೆ ಒಂದು ಕಲ್ಲು ಎಸೆದು ಅಲೆ ಮಾಡಿದ ಕೂಡಲೇ ಪಟಪಟ ಬಡಿದು ಒಳಗಿನ ಕಲ್ಲನ್ನೆಲ್ಲ ಉಗುಳಿತು. ಚೂಪಿನದು ಅಲೆಯನ್ನು ಬೆಣ್ಣೆಯ ಹಾಗೆ ಕೊಯ್ದುಕೊಂಡು ಬಂತು, ಮುಳ್ಳು ಮಾತ್ರ ಕೆಳಗೆ ಜಗ್ಗಿ ಕೂತಿತ್ತು. ಜೋಡಿ ತಳ ಖಾಲಿಯಿದ್ದಾಗ ಹಕ್ಕಿ. ಕಲ್ಲು ಹಾಕಿದರೆ ಅದಕ್ಕೆ ಏಳುವ ಮನಸ್ಸೇ ಬರಲಿಲ್ಲ. ದೋಣಿ ಮಾರುವವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಇದರಿಂದ ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ಅಷ್ಟು ಕಷ್ಟಪಟ್ಟು ನಾನು ತಲುಪಿದ್ದು ಫೋನಿನಲ್ಲಿ ಅವನು ಬಿಟ್ಟ ಜಾಗಕ್ಕೇ.

ಮೈಬೂಬನಿಗೆ ಮೂರೂ ಬೇಕಿತ್ತು. ಅಲೆಗೆ ಚೂಪು ಬೇಕು, ವೇಗಕ್ಕೆ ಚಪ್ಪಟೆ ಬೇಕು, ಮೀನಿನ ಭಾರ ಹೊರಲೂ ಬೇಕು. ಯಾವ ದೋಣಿ ಬೇಕೆಂದು ಹೈದರಾಬಾದಿಗೆ ಮಾತು ಕೊಡುವ ದಿನ ಹತ್ತಿರ ಬಂದಿತ್ತು. ಮರುದಿನ ಮಧ್ಯಾಹ್ನ ಕಾಲುವೆಗೆ ಮತ್ತೆ ನೀರು ಬಿಡುವವರಿದ್ದರು. ಕೊನೆಯ ಸಲ ಚೂಪು ತಳದ್ದನ್ನೇ ಎಳೆದು ನೋಡಿ ತೀರ್ಮಾನ ಮಾಡೋಣವೆಂದು ಬೆಳಿಗ್ಗೆ ಹಿತ್ತಲಿಗೆ ಹೋದೆ. ಅಲ್ಲಿ ಮಹಾದೇವಿ, ಇಷ್ಟು ಗಟ್ಟಿ ತಗಡು ಸುಮ್ಮನೆ ಬಿದ್ದಿದೆಯಲ್ಲ ಎಂದು ಆ ದೋಣಿಯನ್ನು ಬೋರಲು ಹಾಕಿ, ಎಮ್ಮೆಗೆ ಇಟ್ಟ ಹತ್ತಿಕಾಳಿನ ಬುಟ್ಟಿಯ ಮೇಲೆ ಮುಚ್ಚಿದ್ದಳು. ಎಮ್ಮೆಗೆ ವಾಸನೆ ಬಂದಿದೆ. ಮೂತಿಯಿಂದ ಮುಚ್ಚಳ ಸರಿಸಿ, ಹತ್ತಿಕಾಳು ಮುಗಿಸಿ, ತಿರುಗುವಾಗ ದೋಣಿಯ ಹಿಂಭಾಗದ ಮೇಲೆ ಕಾಲಿಟ್ಟು ಸಾವಕಾಶ ನಿಂತಿತ್ತು. ಮುಂದಿನ ಅರ್ಧ ಚೂಪಾಗಿಯೇ ಇತ್ತು. ಹಿಂದಕ್ಕೆ ಹೋದ ಹಾಗೆ ಇಳಿಜಾರಾಗಿ, ಕೊನೆಗೆ ಬಹುಮಟ್ಟಿಗೆ ಚಪ್ಪಟೆ.

ಎಮ್ಮೆಯನ್ನು ಬೈದೆ. ಮಹಾದೇವಿಯನ್ನು ಬೈಯಲು ಬಾಯಿ ತೆರೆದು ಮುಚ್ಚಿದೆ. ಸುತ್ತಿಗೆ ಹುಡುಕುವಷ್ಟರಲ್ಲಿ ಮೈಬೂಬ ಬಂದ, ತಿದ್ದುವುದಕ್ಕೆ ಹೊತ್ತಿರಲಿಲ್ಲ. ಇದ್ದ ಹಾಗೆಯೇ ಕಲ್ಲು ತುಂಬಿ ದಾರ ಕಟ್ಟಿ ಎಳೆದೆವು.

ಹಿಂದಿನಿಂದ ಮೈಬೂಬನ ದನಿ ಬರಲಿಲ್ಲ. ಬಿದ್ದನೇನೋ ಎಂದು ತಿರುಗಿ ನೋಡಿದರೆ ಕಾಂಟಾವನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದ. "ಶರಣಣ್ಣ, ಮುಳ್ಳು ಇಳಿಯವಲ್ದು" ಎಂದ. ಅಲೆ ಮಾಡಿದೆವು, ಮೂಗಿನಿಂದ ಸೀಳಿತು. ಕಲ್ಲು ಹೆಚ್ಚಿಸಿದೆವು; ಹಿಂಭಾಗ ಚಪ್ಪಲಿಯ ಹಾಗೆ ನೀರಿನ ಮೇಲೆ ಕೂತು ಹೊತ್ತುಕೊಂಡು ಬಂತು. ನಾಲ್ಕು ಸಲ ಎಳೆದೆವು, ನಾಲ್ಕೂ ಸಲ ಹಾಗೇ. ಇಬ್ಬರೂ ಕಾಲುವೆಯ ದಂಡೆಯ ಮೇಲೆ ಕೂತು ಆ ಸೊಟ್ಟ ತಗಡನ್ನು ಬಹಳ ಹೊತ್ತು ನೋಡಿದೆವು.

ಅದರ ಫೋಟೋ ಹೈದರಾಬಾದಿಗೆ ಹೋಯಿತು. ಐದೇ ನಿಮಿಷದಲ್ಲಿ ಫೋನು ಬಂತು. ಅವನ ದನಿಯಲ್ಲಿ ಮರ್ಯಾದೆ ಕಾಣಿಸಿಕೊಂಡಿತ್ತು. ಮುಂದೆ ಚೂಪು, ಹಿಂದಕ್ಕೆ ಬಂದಂತೆ ಚಪ್ಪಟೆ, ಇಂಥದೇ ನಾಲ್ಕನೆಯ ತಳ ತಮ್ಮಲ್ಲಿದೆ, ಓದಿದ ಮಂದಿ ಎಷ್ಟೋ ವರ್ಷ ತಲೆ ಕೆಡಿಸಿಕೊಂಡು ತೆಗೆದ ಆಕಾರವದು, ನಮ್ಮ ಕಡೆಯವರು ಅಂಥದನ್ನು ಕೇಳಲಾರರೆಂದು ತೋರಿಸಿರಲಿಲ್ಲ, ಈ ನಮೂನೆ ಮಾಡಿದ ಎಂಜಿನಿಯರ್ ಯಾರು ಎಂದು ಕೇಳಿದ. "ನಮ್ಮ ಮನ್ಯಾಗs ಇದ್ದಾರ" ಎಂದೆ. ಇದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಅವನು ಆಮೇಲೆ ನನ್ನನ್ನು ಎಂಜಿನಿಯರ್ ಸಾಹೇಬರೇ ಎಂದು ಕರೆಯತೊಡಗಿದ, ನಾನು ತಡೆಯಲಿಲ್ಲ. ಮೈಬೂಬ ನನ್ನ ಮುಖ ನೋಡಿದ. ನಾನು ಬೆಟ್ಟ ನೋಡಿದೆ.

ದೋಣಿ ಬಂತು. ಮೊದಲ ದಿನ ನಾನೂ ಬರಬೇಕೆಂದು ಮೈಬೂಬ ಹಟ ಹಿಡಿದ. ನನಗೆ ಈಜು ಬರುವುದಿಲ್ಲವೆಂದು ಆಗ ಹೇಳುವುದು ಸರಿ ಕಾಣಲಿಲ್ಲ. ಆಚೆ ದಂಡೆಯಿಂದ ಹೊರಟಾಗ ಬೆಳಕು ಹರಿದು ಗಾಳಿ ಎದ್ದಿತ್ತು, ಹಿನ್ನೀರಿನ ತುಂಬ ಅಲೆ. ಮೈಬೂಬನ ಮಗಳು ಮೀನಿನ ಬುಟ್ಟಿಗಳನ್ನು ಹಗ್ಗದಿಂದ ಬಿಗಿದು ಪಕ್ಕದಲ್ಲಿ ಕೂತಳು, ಅಳಿಯ ಎಂಜಿನ್ನು ಚಾಲೂ ಮಾಡಿದ. ಮೊದಲು ಮೂಗು ಮೇಲೆದ್ದು ನನಗೆ ಆಕಾಶ ಮಾತ್ರ ಕಂಡಿತು. ಇಲ್ಲಿಗೆ ಮುಗಿಯಿತು, ನಾನೇ ಆರಿಸಿ ಇಷ್ಟು ಮಂದಿಯನ್ನು ಮುಳುಗಿಸಿದೆ ಎಂದು ಕಣ್ಣು ಮುಚ್ಚಿದೆ. ಆಮೇಲೆ ಏನೋ ಸಡಿಲಾದ ಹಾಗೆ ದೋಣಿ ನೀರಿನ ಮೇಲೆ ಏರಿ ಸಮನಾಗಿ ಕೂತಿತು. ಅಲೆಗಳು ಕೆಳಗೆ ಸರಸರ ಸೀಳಿ ಹೋಗುತ್ತಿದ್ದವು. ಕಣ್ಣು ತೆರೆದಾಗ ಮೈಬೂಬ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದ. ಅಷ್ಟು ವರ್ಷ ಹುಟ್ಟು ಹಾಕಿದ ಕೈಗಳಿಗೆ ಅಲ್ಲಿ ಕೆಲಸವಿರಲಿಲ್ಲ.

ಈಚೆ ದಂಡೆಯಲ್ಲಿ ಐಸಿನ ಗಾಡಿಯ ಡ್ರೈವರ್ ಇನ್ನೂ ಮುಖ ತೊಳೆಯುತ್ತಿದ್ದ. ಅಂದು ಮೊದಲು ಏರಿದ್ದು ಮೈಬೂಬನ ಬುಟ್ಟಿ. ಮೀನಿನ ಕಣ್ಣುಗಳು ಗಾಜಿನ ಗೋಲಿಯ ಹಾಗೆ ಹೊಳೆಯುತ್ತಿದ್ದವು. ಬೇರೆ ಮೀನುಗಾರರೆಲ್ಲ ಸುತ್ತ ನೆರೆದು, ಬಗ್ಗಿ ತಳ ತಡವಿ ನೋಡಿದರು. ಈ ತಳ ಯಾರು ಆರಿಸಿದ್ದು ಎಂದು ಕೇಳಿದರು. ಮೈಬೂಬ ಹೆಮ್ಮೆಯಿಂದ ನನ್ನತ್ತ ಕೈ ತೋರಿದ.

ಜೀವಮಾನದಲ್ಲಿ ಅಂಥ ಅವಕಾಶ ನನಗೆ ಸಿಕ್ಕಿರಲಿಲ್ಲ. ನಾಲಿಗೆಯ ತುದಿಗೆ ಇಡೀ ಭಾಷಣ ಬಂದು ನಿಂತಿತ್ತು. ಆದರೆ ಮೈಬೂಬನ ಮಗಳು ಪಕ್ಕದಲ್ಲೇ ನಿಂತು ಹಸಿ ಸೆರಗು ಹಿಂಡುತ್ತಿದ್ದಳು. ನನ್ನ ಮಾತು ನಂಬಿ ನೀರಿಗಿಳಿದವಳ ಎದುರು ಏಕೋ ಅದು ಹೊರಗೆ ಬರಲಿಲ್ಲ.

"ನಾ ಆರಿಸಿಲ್ರಿ. ನನಗ ಗೊತ್ತಾಗಿರಲಿಲ್ಲ. ನಮ್ಮ ಎಮ್ಮಿ ತುಳದು ತೋರಿಸಿದ್ದು" ಎಂದೆ.

ಎಲ್ಲರೂ ನಕ್ಕರು. ಆಮೇಲೆ ಒಬ್ಬ ಹಿರಿಯರು ನಗು ನಿಲ್ಲಿಸಿ, ರುಮಾಲು ಸರಿಪಡಿಸಿಕೊಂಡು, ಉಳಿದವರತ್ತ ತಿರುಗಿದರು. "ನೋಡ್ರೋ, ಇಷ್ಟು ತಿಳದ ಮನಷ್ಯಾ ಹೆಸರು ಎಮ್ಮಿಗಿ ಕೊಡಾಕತ್ತಾನ. ಸಣ್ಣಾಗಿ ನಡಕೊಳ್ಳೋದು ಹಿಂಗs."

ನಾನು ಆಣೆ ಮಾಡಿ ಹೇಳಿದೆ. ಹೇಳಿದಷ್ಟೂ ಅವರ ಗೌರವ ಹೆಚ್ಚಿತು. ಚಹಾ ತರಿಸಿದರು. ನಾನು ಆವರೆಗೆ ಹೇಳಿಕೊಂಡ ದೊಡ್ಡ ಮಾತುಗಳನ್ನೆಲ್ಲ ಜನ ಕೂಡಲೇ ಪತ್ತೆಹಚ್ಚಿ ನಕ್ಕಿದ್ದರು. ಒಂದು ಸಲ ಬಾಯಿಬಿಟ್ಟು ನಿಜ ಹೇಳಿದೆ, ಅದನ್ನು ಮಾತ್ರ ಯಾರೂ ನಂಬಲಿಲ್ಲ. ಮೈಬೂಬನಂತೂ, "ಎಮ್ಮಿ ತುಳದಿದ್ದು ಖರೇ. ಆದ್ರ ಅದನ್ನ ನೀರಿಗಿ ಬಿಡೂದು ಇಂವಾ ಬಿಟ್ಟು ಬ್ಯಾರೆ ಯಾರು ಮಾಡ್ತಿದ್ರು" ಎಂದು ಇನ್ನಷ್ಟು ಕೆಡಿಸಿದ.

ಈಗ ಹಿನ್ನೀರಿನ ಗುಂಟ ನನ್ನ ಹೆಸರು ಓಡಾಡುತ್ತಿದೆ, ದೋಣಿ ತಿಳಿದವನೆಂದಲ್ಲ, ದೊಡ್ಡವನಾದರೂ ತಗ್ಗಿ ನಡೆಯುವವನೆಂದು. ಮೂವತ್ತು ವರ್ಷ ಕಬ್ಬಿಣ ಬಡಿದು ಗಳಿಸಲಾಗದ್ದು ಒಂದು ಬೆಳಿಗ್ಗೆ ಪುಕ್ಕಟೆ ಸಿಕ್ಕಿತು. ಅದನ್ನು ಕಾಪಾಡಿಕೊಳ್ಳುವುದು ಸುಲಭವಲ್ಲ, ದಿನಾಲೂ ಎಚ್ಚರವಾಗಿರಬೇಕು. ಆದರೂ ನಿಭಾಯಿಸುತ್ತಿದ್ದೇನೆ. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ತಾಲೂಕಿನಲ್ಲಿ ವಿನಯದಲ್ಲಿ ನಿಮ್ಮನ್ನು ಮೀರಿಸುವವರಿಲ್ಲ ಎಂದು ಯಾರಾದರೂ ಹೇಳಿದರೆ, ನಾನು ಈಗ ವಾದ ಮಾಡುವುದಿಲ್ಲ. ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ.